ಹಿಂದಕ್ಕೆ ಹಾಕು

ನಾಪೋಕ್ಲಿನಲ್ಲಿ ಮೂಳೆ ಕಟ್ಟುವ ಚೋಂದವ್ವ
ಮೊದಲು ಕಾಲು ನೋಡುತ್ತಿದ್ದಳು.
ಹೀರೋನ ಮುಖ ಹೇಗಾದರೂ ಇರಲಿ,
"ಹಿಮ್ಮಡಿ ಊರಿದ್ದಾನಾ, ಅದು ಹೇಳು."
ಊರದವನ ಏಟು ಅವಳಿಗೆ ಲೆಕ್ಕಕ್ಕಿಲ್ಲ,
ಬರೀ ಸದ್ದು,
ಡಬ್ಬದೊಳಗೆ ಕರಿಮೆಣಸು ಕುಲುಕಿದ ಹಾಗೆ.

ಶನಿವಾರ ಪೋಕರ್ ಕಾಕನ ಅಂಗಡಿಯಿಂದ
ಮೂರು ಸಿಡಿ, ದಿನಕ್ಕೆ ಇಪ್ಪತ್ತು ರೂಪಾಯಿ.
ಕವರಿನ ಮೇಲೆ ಕತ್ತಿ ಹಿಡಿದವನು ಒಳಗಿರುವುದಿಲ್ಲ
ಎಂದು ಅವಳಿಗೂ ಗೊತ್ತು, ಕಾಕನಿಗೂ ಗೊತ್ತು.
ತರುವ ಕೆಲಸ ನನ್ನದು. ರಿಮೋಟಿನ ಕೆಲಸವೂ.
ಅವಳ ಬೆರಳಿಗೆ ಯಾವಾಗಲೂ ಎಣ್ಣೆ.

ಮಾತು ಯಾವ ದೇಶದ್ದೋ, ಡಬ್ಬಿಂಗ್ ಹಿಂದಿಯದೋ,
ತುಟಿ ಮುಚ್ಚಿದ ಮೇಲೂ ಮಾತು ಬರುತ್ತಲೇ ಇರುವುದು.
"ಇರಲಿ ಬಿಡು, ನಮ್ಮ ಮದುವೆ ಮಾತುಕತೆಗಳೂ ಹಾಗೇ."

ಒಂದೇ ಹೊಡೆತವನ್ನು ಮೂರು ತುಂಡು ಮಾಡಿ ತೋರಿಸಿದರೆ
ಎದ್ದು ಕೋಳಿಗೂಡು ಮುಚ್ಚಲು ಹೊರಡುವಳು.
"ಹೊಡೆಯಲು ಬಾರದವನಿಗೆ ಕ್ಯಾಮೆರಾ ಊರುಗೋಲು."
ದೂರ ನಿಂತು, ಸುಮ್ಮನೆ,
ಇಬ್ಬರನ್ನೂ ನೆತ್ತಿಯಿಂದ ಪಾದದವರೆಗೆ ತೋರಿಸುವ ಪಿಕ್ಚರಾದರೆ
ಉದ್ದಿನ ಹಿಟ್ಟು ಕಲಸುತ್ತಿದ್ದ ಕೈ ಅಲ್ಲೇ ನಿಲ್ಲುವುದು.

ಬಿದ್ದವರ ಕಡೆಗೇ ಅವಳ ಕಣ್ಣು.
"ಇವನದು ಕೊರಳೆಲುಬು. ಇಪ್ಪತ್ತೊಂದು ದಿನ.
ಅವನದು ಮಂಡಿ, ಅದು ಕೂಡಿ ಬರುವುದಿಲ್ಲ,
ಮೆಟ್ಟಿಲಿಳಿಯುವಾಗಲೆಲ್ಲ ಇವತ್ತನ್ನು ನೆನೆಯುತ್ತಾನೆ."
ನಲವತ್ತು ಜನ ಬಿದ್ದು ಒಬ್ಬನೂ ನರಳದಿದ್ದರೆ
ಅದು ಅವಳ ಪ್ರಕಾರ ಸುಳ್ಳು ಪಿಕ್ಚರು.
ಹೀರೋ ಒಮ್ಮೆಯಾದರೂ ಗೋಡೆ ಹಿಡಿದು ಉಸಿರೆಳೆಯಬೇಕು,
ಯಾರೂ ನೋಡದಾಗ
ಹೊಡೆದ ಕೈಯನ್ನು ಒದರಿಕೊಳ್ಳಬೇಕು.

ಅವಳಣ್ಣ ಪರೆಯಕಳಿ ಆಡಿದವನು.
ಮೊಣಕಾಲಿನ ಕೆಳಗೆ ಮಾತ್ರ ಬೆತ್ತ ಬೀಸಬೇಕು,
ಮುಗಿದ ಮೇಲೆ ಹೊಡೆದವನನ್ನೇ ತಬ್ಬಬೇಕು.
ಕಾಲಿನಲ್ಲಿ ಬಾಸುಂಡೆ, ಹೆಗಲ ಮೇಲೆ ಎದುರಾಳಿಯ ಬೆವರು.
"ಎಲ್ಲಿ ಹೊಡೆಯಬಾರದು ಅಂತ ಮೊದಲು ಗೊತ್ತಿರಬೇಕು.
ಇಲ್ಲದಿದ್ದರೆ ಅದು ಫೈಟಲ್ಲ, ಆಕ್ಸಿಡೆಂಟು."

ನನಗಾಗ ಹನ್ನೊಂದು.
ಕಾಫಿ ಕಣದ ಮೋಟುಗೋಡೆ ಹತ್ತಿ
ಗಾಳಿಯಲ್ಲಿ ಎರಡು ಸಲ ಒದೆಯಲು ಹೋಗಿ
ಒಂದೂ ಮುಗಿಯುವ ಮೊದಲೇ ನೆಲ ಬಂತು.
ಎಡಗೈ ಮಣಿಕಟ್ಟಿನ ಬಳಿ ತಿರುಗಿತ್ತು,
ಬೇರೆ ಯಾರದೋ ಕೈಯ ಹಾಗೆ.

ಚೋಂದವ್ವ ಬೈಯಲಿಲ್ಲ. ಚಾಪೆಯ ಮೇಲೆ ಕೂರಿಸಿದಳು.
ಬಿದಿರಿನ ದಬ್ಬೆ, ಮೊಟ್ಟೆಯ ಬಿಳಿ, ಹಳೇ ಬಟ್ಟೆಯ ಪಟ್ಟಿ
ಸಾಲಾಗಿ ಇಟ್ಟುಕೊಂಡು,
"ಬಲಗೈ ಇದೆಯಲ್ಲ, ಟಿವಿ ಹಾಕು" ಎಂದಳು.

ಒಂದು ಹೋಟೆಲು. ಬಾಗಿಲಲ್ಲಿ ಹನ್ನೆರಡು ಜನ.
ಒಬ್ಬ ಮುದುಕ, ಅಂಗೈಯಲ್ಲಿ ಸೂಪಿನ ಬಟ್ಟಲು, ಅಂಚಿನವರೆಗೆ.
ಹನಿ ಚೆಲ್ಲದೆ ಮೊದಲನೆಯವನನ್ನು ದಾಟಿದ,
ಎರಡನೆಯವನ ಬೆಂಚನ್ನು ಕಾಲಲ್ಲೇ ಸರಿಸಿದ,
ಮೂರನೆಯವ ಕತ್ತಿಯೆತ್ತಿದ, ಬಟ್ಟಲು ಮೇಲಕ್ಕೆ ಹಾರಿತು,
ಮುದುಕನ ಹಿಮ್ಮಡಿ ಊರಿತ್ತು, ನಾನು ನೋಡಿದೆ,
ಇನ್ನೊಂದು ಪಾದ
ಎಲ್ಲಿತ್ತೋ ಎಲ್ಲಿಗೆ ಹೋಯಿತೋ
ಬಟ್ಟಲು ಇಳಿದು ಬಂತು, ಅವನ ಅಂಗೈಗೇ.

ಕೆಳಗೆ ನೋಡಿದರೆ ನನ್ನ ಕೈ ನೇರವಾಗಿತ್ತು.
ಲಟಕ್ ಎಂದದ್ದು ಟಿವಿಯೊಳಗೆ ಎಂದುಕೊಂಡಿದ್ದೆ.

ಈಗ ಕಾಕನ ಅಂಗಡಿಯಲ್ಲಿ ಮೊಬೈಲ್ ರಿಪೇರಿ.
ಆ ಪಿಕ್ಚರಿನ ಹೆಸರು ಅವನಿಗೂ ನೆನಪಿಲ್ಲ.
ಗೋಡೆಯಗಲದ ಟಿವಿ ತಂದಿದ್ದೇನೆ, ರಾತ್ರಿ ಹುಡುಕುತ್ತೇನೆ,
ಮುದುಕ, ಸೂಪು, ಹನ್ನೆರಡು ಜನ ಎಂದರೆ
ಅದು ಅಡುಗೆ ಮಾಡಿ ತೋರಿಸುತ್ತದೆ.
ಸಿಕ್ಕಿದ್ದನ್ನೇ ನೋಡುತ್ತೇನೆ. ಮೊದಲು ಹಿಮ್ಮಡಿ.
ಚಳಿಗೆ ಮಣಿಕಟ್ಟು ಕಚ್ಚುತ್ತಿದೆ ಎಂದು ಗೊತ್ತಾದರೆ ಆರಿಸುತ್ತೇನೆ.
ಗೊತ್ತಾಗದಿದ್ದರೆ ಕೊನೆಯವರೆಗೆ.

ಅವತ್ತು ಪಟ್ಟಿಯ ಕೊನೆಯ ಗಂಟು ಬಿಗಿದು
ಚೋಂದವ್ವ ಸೆರಗಿಗೆ ಕೈಯೊರಸಿಕೊಂಡಳು.
"ಸ್ವಲ್ಪ ಹಿಂದಕ್ಕೆ ಹಾಕು ಮಾರಾಯ,
ನಿನ್ನ ಕೈ ನೋಡುತ್ತಾ ಬಟ್ಟಲು ನೋಡಲಿಲ್ಲ ನಾನು.
ಚೆಲ್ಲಿತಾ?"