ಸೀಮೆಬದನೆ

ಇದಕ್ಕೆ ಬಿತ್ತಲು ಬೇರೆ ಬೀಜವಿಲ್ಲ,
ಇಡೀ ಕಾಯನ್ನೇ ಹೂಳಬೇಕು.
ಎಸ್ತರಜ್ಜಿ ಹೇಳಿಕೊಟ್ಟದ್ದು, ಲಿಂಗರಾಜಪುರದ ಹಿತ್ತಲಿನಲ್ಲಿ,
ಬಚ್ಚಲ ನೀರು ಹರಿಯುವ ಕಡೆ, ಸೆರಗು ಸೊಂಟಕ್ಕೆ ಸಿಕ್ಕಿಸಿ.
ಬಾಯಿ ಬಿಟ್ಟು ಮೊಳಕೆ ಚಾಚಿದ ಕಾಯಿ,
ನಾಲಿಗೆ ತೋರಿಸುವ ಮಗುವಿನ ಹಾಗೆ.
ಅರ್ಧ ಮಣ್ಣೊಳಗೆ, ಅರ್ಧ ಆಚೆ.
ಪೂರ್ತಿ ಮುಚ್ಚಬೇಡ, ಉಸಿರು ಕಟ್ಟುತ್ತೆ.

ಹೆಸರಿನದೇ ಒಂದು ತಮಾಷೆ.
ನಾವು ಸೀಮೆಯದು ಎನ್ನುತ್ತೇವೆ, ಸಮುದ್ರದಾಚೆಯದು ಅಂತ.
ಗೋಡೆಯಾಚೆಯ ಅಂಜಲೈ ಆಂಟಿ
ಬೆಂಗಳೂರು ಕತ್ರಿಕ್ಕಾಯಿ ಎನ್ನುತ್ತಿದ್ದರು, ನಿಮ್ಮೂರಿನದೇ ಅಂತ.
ಶಾಲೆಯಲ್ಲಿ ಒಬ್ಬಳು ನನ್ನನ್ನು ಕೇಳಿದ್ದಳು:
ನಿಮ್ಮದು ಸೀಮೆ ದೇವರಲ್ಲವಾ?
ಬಂದು ಹೇಳಿದೆ. ಅಜ್ಜಿ ಸೌಟು ಬಿಡದೆ,
ಹುಳಿಯಲ್ಲಿ ಬೆಂದ ಮೇಲೆ ಯಾವ ಸೀಮೆ, ಎಂದಳು.

ಸುಗ್ಗಿ ಹಬ್ಬದ ಭಾನುವಾರ ಮೊದಲ ಕಾಯಿ ಚರ್ಚಿಗೆ.
ಏಲಂ ಕೂಗುವ ಯೋಬಪ್ಪ ಮೇಷ್ಟ್ರಿಗೆ ಮೈಕು ಬೇಕಿರಲಿಲ್ಲ.
ಸಂತೆಯಲ್ಲಿ ನಾಲ್ಕಾಣೆಯ ಕಾಯಿ
ಇಲ್ಲಿ ಎರಡು ರೂಪಾಯಿ, ಒಂದು ಸಲ, ಎರಡು ಸಲ.
ಕೊಂಡವರು ಕೂಡಲೇ ಒಯ್ಯುವಂತಿಲ್ಲ,
ಮತ್ತೆ ಮೇಜಿಗೆ. ಐದು ರೂಪಾಯಿ. ಮತ್ತೆ ಮೇಜಿಗೆ.
ಕೈ ಬದಲಾಗಿ ಬದಲಾಗಿ ಬಿಸಿಯಾಗುತ್ತಿತ್ತು.
ಕೊನೆಗೆ ಯಾರ ಚೀಲ ಸೇರಿತೋ,
ಅಜ್ಜಿ ಲೆಕ್ಕ ಇಟ್ಟವಳಲ್ಲ.

ಅಜ್ಜಿಯ ಅಮ್ಮ ಸುವಾರ್ತಮ್ಮ, ನಾನು ಕಾಣದವಳು,
ಅಕ್ಷರ ಬಾರದವಳು, ಕುರುಬನ ಕೀರ್ತನೆಯನ್ನು
ಬೀಸುವ ಕಲ್ಲಿನ ತಾಳಕ್ಕೆ ಬಾಯಿಪಾಠ ಮಾಡಿದ್ದಳಂತೆ.
ಅದಕ್ಕೇ ನಮ್ಮ ಮನೆಯಲ್ಲಿ ಆ ಕೀರ್ತನೆ
ಹುಲ್ಲುಗಾವಲು ಬರುವಲ್ಲಿ ಸ್ವಲ್ಪ ನಿಲ್ಲುತ್ತದೆ:
ಅಲ್ಲಿ ಅವಳು ಇನ್ನೊಂದು ಹಿಡಿ ರಾಗಿ ಹಾಕುತ್ತಿದ್ದಳು.
ಅಜ್ಜಿ ನಿಲ್ಲುತ್ತಿದ್ದಳು. ಅಮ್ಮ ನಿಲ್ಲುತ್ತಿದ್ದಳು,
ಮಿಕ್ಸಿ ಬಂದ ಮೇಲೂ.

ಅಮ್ಮ ಆಸ್ಪತ್ರೆಯಲ್ಲಿದ್ದ ಮೂರು ತಿಂಗಳು
ಬಳ್ಳಿಗೆ ನೀರು ಹಾಕಿದವರಿಲ್ಲ.
ಹೊಸೂರು ರಸ್ತೆಯ ಸಮಾಧಿ ತೋಟದಲ್ಲಿ ಜಾಗ ಸಿಗದೆ
ಅಜ್ಜಿಯ ಗುಂಡಿಯನ್ನೇ ತೆರೆಸಿ ಮೇಲೆ ಅಮ್ಮನನ್ನು ಇಟ್ಟೆವು.
ಕಲ್ಲಿನಲ್ಲಿ ಹೊಸ ಹೆಸರಿಗೆ ಎರಡೇ ಸಾಲು ಉಳಿದಿತ್ತು.
ಆಮೇಲೆ ಹಿತ್ತಲೂ ಹೋಯಿತು, ಅಲ್ಲೀಗ ನಾಲ್ಕಂತಸ್ತು.
ನಾನು ಹಿಂದಿನ ಬೆಂಚಿನವಳಾದೆ.
ತುಟಿ ಆಡಿಸುತ್ತಿದ್ದೆ, ಸ್ವರ ಹೊರಡುತ್ತಿರಲಿಲ್ಲ.
ಕೇಳಿದವರಿಗೆ ಗಂಟಲು ಸರಿಯಿಲ್ಲ ಎಂದೆ.
ಏಳು ವರ್ಷ.

ಈ ಸಲದ ಏಲಂ. ಮೇಷ್ಟ್ರಿಲ್ಲ, ಮೈಕಿದೆ,
ಫೋನಿಗೆ ಹಣ ಬಿದ್ದ ಸದ್ದೂ ಇದೆ.
ಕೇಕು, ಕಾಲು ಕಟ್ಟಿದ ಹುಂಜ, ಒಂದು ಬುಟ್ಟಿ ನಿಂಬೆ,
ಆಮೇಲೆ ಸೀಮೆಬದನೆ, ಬಾಯಿ ಬಿಟ್ಟದ್ದು.
ತಂದವನು ಕೊತ್ತನೂರಿನ ಹುಡುಗ, ದೇವಸಹಾಯರ ಮೊಮ್ಮಗ.
ನಮ್ಮ ತಾತ ಎಪ್ಪತ್ತೆರಡರಲ್ಲಿ ಇಲ್ಲೇ ಕೊಂಡದ್ದಂತೆ,
ಯಾರೋ ಎಸ್ತರಮ್ಮ ಕೊಟ್ಟ ಕಾಯಿ, ಹನ್ನೊಂದು ರೂಪಾಯಿಗೆ,
ಅಜ್ಜಿ ಬೈದಿದ್ದರಂತೆ.
ಎಲ್ಲರೂ ನಕ್ಕರು.
ಯಾರೋ ಎಸ್ತರಮ್ಮ.

ನನ್ನ ಕೈ ಆಗಲೇ ಎದ್ದಿತ್ತು. ನೂರು. ಇನ್ನೂರು.
ಎಡಗಡೆಯಿಂದ ಯಾರೋ ಮುನ್ನೂರು.
ನಾನೂರ ಹತ್ತು, ಎಂದೆ, ಎಷ್ಟು ಜೋರಾಗಿ ಎಂದರೆ
ಅಯ್ಯನವರು ತಿರುಗಿ ನೋಡಿದರು.
ಮತ್ತೆ ಮೇಜಿಗಿಡಬೇಕಿತ್ತು, ಕ್ರಮ ಅದು.
ಇಡಲಿಲ್ಲ. ದೇವರೇ, ಇದೊಂದು ಸಲ.

ಬಾಲ್ಕನಿಯಲ್ಲಿ ಪೇಂಟಿನ ಡಬ್ಬ, ನರ್ಸರಿಯ ಮಣ್ಣು.
ತಮ್ಮನ ಮಗಳು ಜೆಮೀಮ ಹೂಳುತ್ತಿದ್ದಾಳೆ.
ಇಡೀ ಕಾಯಾ ಅತ್ತೆ? ಪಲ್ಯ ಮಾಡಬಹುದಿತ್ತಲ್ಲ?
ಇಡೀ ಕಾಯಿ. ಪೂರ್ತಿ ಮುಚ್ಚಬೇಡ.
ಭಾನುವಾರದ ಶಾಲೆಯಲ್ಲಿ ಕಲಿತ ಕೀರ್ತನೆ ಅವಳ ಬಾಯಲ್ಲಿ,
ಬಸ್ಸು ತಪ್ಪಿಹೋಗುವಂತೆ ಸರಸರ.
ಅಲ್ಲಿ ನಿಲ್ಲು, ಎಂದೆ.
ಎಲ್ಲಿ?
ಹುಲ್ಲುಗಾವಲಿನ ಹತ್ತಿರ. ಸ್ವಲ್ಪ.
ಯಾಕೆ, ಎಂದು ಅವಳು ತಲೆಯೆತ್ತುವಷ್ಟರಲ್ಲಿ
ಎಲ್ಲೋ ಒಂದು ಹಿಡಿ ರಾಗಿ ಬಿದ್ದು
ಕಲ್ಲು ಮತ್ತೆ ತಿರುಗಿತು.