ಆರಿನ ಬಾಲ

ಈ ಊರಿನ ಹೆಸರುಗಳನ್ನು ನಾನು
ನಾಲಿಗೆಯಿಂದ ಕಲಿತೆ, ಕಾಲಿಂದಲ್ಲ.
ಓಕಳೀಪುರಂ, ನವರಂಗ್, ಯಶವಂತಪುರ:
ದಿನಕ್ಕೆ ಎಂಟು ಸಲ ಕೂಗಿದ್ದೇನೆ,
ಇಳಿದು ನೋಡಿದ್ದು ಒಂದನ್ನೂ ಇಲ್ಲ.
ಓಕಳೀಪುರದಲ್ಲಿ ಓಕಳಿ ಆಡುವವರನ್ನು ಹುಡುಕಿದೆ.
ಸಿಗ್ನಲ್ ಇತ್ತು, ಕೆಂಪಿಗೇನೂ ಕೊರತೆಯಿರಲಿಲ್ಲ.

ಸಿಂದಗಿಯವಳು ನಾನು, ಕಂಡಕ್ಟರ್.
ಎದೆಯ ಬಿಲ್ಲೆಯ ಮೇಲೆ ಬೌರಮ್ಮ ಎಂದಿದೆ.
ಓದಿದವರು ಮತ್ತೊಮ್ಮೆ ಓದುತ್ತಾರೆ,
ಅಚ್ಚಿನ ತಪ್ಪೇನೋ ಎಂಬಂತೆ.

ಮೊದಲ ದಿನ “ಮುಂದ ಸರೀರಿ” ಅಂದೆ.
ಅರ್ಧ ಬಸ್ಸು ನಕ್ಕಿತು, ಅರ್ಧ ಸರಿಯಿತು.
“ಏನ್ರೀ” ಅಂದದ್ದಕ್ಕೆ ಒಬ್ಬಾಕೆ ಹುಬ್ಬು ಗಂಟಿಕ್ಕಿ
“ರೀ ಗೀ ಎಲ್ಲ ಬೇಡ” ಅಂದಳು.
ಎಮ್ಮೆಗೂ ರೀ ಹಚ್ಚಿ ಮಾತಾಡುವ ಮಂದಿ ನಾವು;
ಮರ್ಯಾದೆ ಕೊಟ್ಟು ಬೈಸಿಕೊಂಡದ್ದು ಅದೇ ಮೊದಲು.

ಕೋಣೆ ಸಿಕ್ಕಿದ್ದು ಡಿಪೋ ಹಿಂದಿನ ಗಲ್ಲಿಯಲ್ಲಿ.
ಜೊತೆಗೆ ಮುಳಬಾಗಿಲಿನ ಮುನಿಲಕ್ಷ್ಮಿ,
ಗಾರ್ಮೆಂಟಿನಲ್ಲಿ ಕಾಲರ್ ಹೊಲಿಯುವವಳು.
ಮೂರು ದಿನ ನಲ್ಲಿ, ಬೀಗ, ಬಾಡಿಗೆ,
ಇಷ್ಟೇ ನಮ್ಮ ಮಾತು.
ನಾಲ್ಕನೆಯ ದಿನ, ಇನ್ನೂ ಕತ್ತಲು,
“ಹಣಿಗಿ ಐತೇನವಾ?” ಅಂತ ಕೇಳಿದೆ.
ನಿದ್ದೆಗಣ್ಣಲ್ಲಿ ಎದ್ದು ಹಣತೆ ತಂದಳು,
ಹೋದ ದೀಪಾವಳಿಯದು, ಬತ್ತಿ ಸುಟ್ಟದ್ದು.
ತಲೆ ತೋರಿಸಿದೆ. ತಲೆನೋವಿನ ಗುಳಿಗೆ ತಂದಳು.
ಬೆರಳಲ್ಲಿ ಗಾಳಿಯನ್ನೇ ಬಾಚಿ ತೋರಿಸಿದಾಗ
“ಅಯ್ಯೋ, ದುವ್ವೆನ!” ಅಂತ ಕುಸಿದು ಕೂತು ನಕ್ಕಳು.
ಬಾಚಣಿಗೆಗೆ ಈಗ ನಮ್ಮ ಕೋಣೆಯಲ್ಲಿ ಮೂರು ಹೆಸರು.
ಹಲ್ಲು ಮುರಿದ ಬಾಚಣಿಗೆ ಮಾತ್ರ ಒಂದೇ.

ಭಾನುವಾರ ರೊಟ್ಟಿ ಬಡಿದೆ.
ಯಾರೋ ಗೋಡೆ ಒಡೆಯುತ್ತಿದ್ದಾರೆಂದು
ಕೆಳಗಿನ ಮನೆಯವರು ಜಗಳಕ್ಕೆ ಬಂದರು,
ಹೊತ್ತು ತಂದ ಕೋಪವನ್ನು
ಸೇಂಗಾ ಹಿಂಡಿ ಹಚ್ಚಿಕೊಂಡು ತಿಂದು ಹೋದರು.

ಆದರೂ ಬಸ್ಸಿನಲ್ಲಿ ನಾನು ಒಬ್ಬಳೇ.
ಮುಖ ನೋಡಲು ಹೊತ್ತಿಲ್ಲ, ಅಂಗೈ ನೋಡುತ್ತೇನೆ:
ಹಿಟ್ಟಿನದು, ಗ್ರೀಸಿನದು,
ಮದರಂಗಿ ಅರ್ಧ ಅಳಿದದ್ದು.
ಅಂಥದೊಂದು ಅಂಗೈಗೆ ಆರು ರೂಪಾಯಿ ಕೊಡಬೇಕಿತ್ತು,
ಉಗುರಲ್ಲಿ ಮಸಿ ಉಳಿದ ಮುದುಕರದು.
ಟಿಕೆಟಿನ ಬೆನ್ನಿಗೆ ಬರೆದೆ, ಅವರು ಮರೆತು ಇಳಿದರು.
ಆರನ್ನೂ ಚೀಲದ ಒಳಜೇಬಿಗೆ ಹಾಕಿ ಪಿನ್ನು ಚುಚ್ಚಿದೆ.

ಅಂದಿನಿಂದ ಪ್ರತಿ ಸ್ಟಾಪಿನಲ್ಲೂ
ಹುಡುಕಲು ನನಗೊಬ್ಬರಿದ್ದರು.
ಈ ಊರಲ್ಲಿ ನಾನು ಕಾದ ಮೊದಲ ಮನುಷ್ಯ
ಹೆಸರೂ ಹೇಳದೆ ನನಗೆ ಸಾಲ ಕೊಟ್ಟವರು.

ಹತ್ತೊಂಬತ್ತನೆಯ ದಿನ ನವರಂಗಿನಲ್ಲಿ ಹತ್ತಿದರು.
“ನಿಮ್ಮ ಆರು ರೂಪಾಯಿ” ಅಂದೆ.
ಕನ್ನಡಕದ ಡಬ್ಬಿಯಿಂದ ಮಡಿಸಿದ ಟಿಕೆಟ್ ತೆಗೆದು
“ಮೂರು” ಅಂದರು. “ನೀವೇ ಬರೆದದ್ದು, ಮೂರು.”
ನಾನು ಬರೆಯುವುದು ಕನ್ನಡ ಅಂಕಿಯಲ್ಲಿ.
ಬಸ್ಸು ಕುಲುಕಿದರೆ ಆರಿನ ಬಾಲ ಮೊಂಡಾಗುತ್ತದೆ.
“ಇದು ಆರ್ರೀ!”
“ನಲವತ್ತು ವರ್ಷ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದ್ದೀನಮ್ಮ,
ಅಂಕಿ ನನಗೆ ಹೇಳಿಕೊಡ್ತೀರಾ?”

ಟಿಕೆಟ್ ಕೈಯಿಂದ ಕೈಗೆ ಹೋಯಿತು.
ಯೂನಿಫಾರ್ಮಿನ ಹುಡುಗಿ ಬೆಳಕಿಗೆ ಹಿಡಿದು
“ಒಂಬತ್ತಿರಬಹುದಾ?” ಅಂದಳು.
ಮುಂದಿನ ಸೀಟುಗಳು ಮೂರು, ಹಿಂದಿನವು ಆರು.
ಡ್ರೈವರ್ ಚಿಕ್ಕತಿಮ್ಮಯ್ಯ, ತಿಂಗಳಿಡೀ ನನ್ನೊಡನೆ
ಸೀಟಿಯ ಹೊರತು ಬೇರೆ ಭಾಷೆಯಿಲ್ಲದಿದ್ದವನು,
ಕನ್ನಡಿಯಲ್ಲಿ ನೋಡಿ ಕೂಗಿದ:
“ನಾಲ್ಕೂವರೆ ಕೊಟ್ಟು ಮುಗಿಸಮ್ಮ ತಾಯಿ!”
ನಾನು ನಕ್ಕೆ. ಎಷ್ಟು ನಕ್ಕೆನೆಂದರೆ
ಒಂದು ಸ್ಟೇಜು ಕೂಗುವುದೇ ಮರೆತೆ,
ಇಳಿಯಬೇಕಿದ್ದವರು ಬೈಯಲೂ ಇಲ್ಲ.

ಮೂರೇ ತೆಗೆದುಕೊಂಡರು ಮುದುಕರು.
ಮೆಟ್ಟಿಲಿಳಿಯುತ್ತ, ತಿರುಗದೆ, ಬಿಲ್ಲೆ ನೋಡದೆ
“ಬಾಲ ಉದ್ದ ಬಿಡು, ಬೌರಮ್ಮ” ಅಂದರು.

ಮರುದಿನ ಸರಿಯಾಗಿ ಚಿಲ್ಲರೆ ಎಣಿಸಿ ಕೊಟ್ಟರು.
ನನಗೆ ಸ್ವಲ್ಪ ಬೇಜಾರೇ ಆಯಿತು.
ಒಳಜೇಬಿನಲ್ಲಿ ಮೂರು ರೂಪಾಯಿ ಇನ್ನೂ ಇದೆ,
ಯಾರದೆಂದು ತೀರ್ಮಾನವಾಗಿಲ್ಲ.