ಅರ್ಧ ಗೆರೆ

ಗುತ್ತಲು ರಸ್ತೆಯ ನಮ್ಮ ಮನೆಯಲ್ಲಿ
ಮಂಚದ ಪಕ್ಕ ಎರಡೂವರೆ ಅಡಿ ಸಮುದ್ರ ಇದೆ.
ಅಸಲಿ ಸಮುದ್ರ ನಾನು ಕಂಡದ್ದು ಒಂದೇ ಸಲ,
ಯಾರದೋ ಮದುವೆಯ ಬಸ್ಸಿನ ಕಿಟಕಿಯಲ್ಲಿ,
ಸುರತ್ಕಲ್ ದಾಟುವಾಗ, ಅರೆನಿದ್ದೆಯಲ್ಲಿ.

ಸಕ್ಕರೆ ಊರಲ್ಲಿ ಉಪ್ಪು ನೀರು ಸಾಕೋದ್ಯಾಕೆ ಕಣವ್ವ,
ಹಾಲಿನ ಕೆಂಪಾಜಮ್ಮ ದಿನಾ ಕೇಳುತ್ತಾಳೆ.
ಉತ್ತರ ನನಗೂ ಗೊತ್ತಿಲ್ಲ.
ಹಾಲಿನ ಲೆಕ್ಕ ಬರೆದು ಬಾಗಿಲು ಹಾಕುತ್ತೇನೆ.

ಏಳು ಅಣಬೆ ಹವಳ ತಂದಿದ್ದೆ,
ಮೈಸೂರಿನ ಮಂಡಿ ಮೊಹಲ್ಲಾದ ಮುನವ್ವರ್ ಅಂಗಡಿಯಿಂದ.
ಪ್ಯಾಸೆಂಜರ್ ಗಾಡಿ, ತೊಡೆ ಮೇಲೆ ಥರ್ಮಾಕೋಲ್ ಡಬ್ಬಿ.
ಪಕ್ಕದವರು ಕೇಕಾ ಅಂದರು. ಹ್ಞೂಂ ಅಂದೆ.
ಎರಡು ನೀಲಿ, ನಾಲ್ಕು ಹಸಿರು ಚುಕ್ಕೆಯವು,
ಒಂದು ಮಾತ್ರ ಇಟ್ಟಿಗೆ ಕೆಂಪು.
ಮೊದಲ ತಿಂಗಳು ಬಾಳೆಲೆ ಮೇಲೆ ರೊಟ್ಟಿ ತಟ್ಟಿದ ಹಾಗೆ
ಬಂಡೆಗೆ ಮೈ ಹರಡಿ ಮಲಗಿದ್ದವು.

ಸಂಕ್ರಾಂತಿ ಕಳೆದದ್ದೇ ತಡ, ಮುದುಡತೊಡಗಿದವು.
ಮೊದಲು ಅಂಚು ಒಳಕ್ಕೆ.
ಆಮೇಲೆ ಬಾಯಿ ಕಳೆದುಕೊಂಡು
ಕರುಳಿನಂಥ ಬಿಳಿ ದಾರ ಹೊರಗೆ.
ಒಂದು ಹಸಿರು ಬಟಾಣಿಯಷ್ಟಾಯಿತು.

ಬೆಳಕು ಹೆಚ್ಚಾಯಿತೇನೋ ಅಂತ
ದೀಪವನ್ನು ಒಂದು ಗೇಣು ಮೇಲೆತ್ತಿದೆ,
ಎರಡು ಬದಿಗೂ ಹಳೇ ಕ್ಯಾಲೆಂಡರಿನ ರಟ್ಟು.
ಸೆಳೆತ ಜೋರಾಯಿತೇನೋ ಅಂತ
ಪಂಪಿನ ಮೂತಿ ಗಾಜಿಗೆ ತಿರುಗಿಸಿದೆ.
ಸೀಗಡಿಯ ಮೇಲೆ ಗುಮಾನಿ:
ರಾತ್ರಿ ಎರಡು ಗಂಟೆಗೆ ಕೆಂಪು ಕಾಗದ ಸುತ್ತಿದ ಟಾರ್ಚು ಹಿಡಿದು ಕಾದೆ.
ಅದು ತನ್ನ ಪಾಡಿಗೆ ಮೀಸೆ ನೀವಿಕೊಳ್ಳುತ್ತಿತ್ತು.
ಯಾರ್ನ ಹಿಡೀತಿದ್ದೀಯೆ? ಬೆನ್ನ ಹಿಂದಿನಿಂದ ನಮ್ಮವರು.

ಉಪ್ಪಿನ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ.
ಕಾರ್ಖಾನೆಯ ಲ್ಯಾಬಿನಲ್ಲಿ ಹತ್ತೊಂಬತ್ತು ಹಂಗಾಮು
ಕಬ್ಬಿನ ರಸ ಒಂದು ತೊಟ್ಟು ಗಾಜಿಗೆ ಬಿಟ್ಟು
ಕಿಟಕಿಯತ್ತ ಕೊಳವೆ ಎತ್ತಿ
ಹದಿನೆಂಟು, ಹದಿನೆಂಟೂವರೆ, ಇಪ್ಪತ್ತು
ಅಂತ ಕೂಗಿದವಳು ನಾನು.
ಕಾಕಂಬಿಯ ವಾಸನೆ ತಲೆಗೂದಲಿಂದ ಇನ್ನೂ ಹೋಗಿಲ್ಲ.
ಗುಜರಿಗೆ ಹಾಕುವ ದಿನ ಆ ಕೊಳವೆಯನ್ನೇ ಕೇಳಿ ತಂದಿದ್ದೆ.
ಸಿಹಿ ಅಳೆಯುವುದು ಉಪ್ಪನ್ನೂ ಅಳೆಯುತ್ತದೆ.
ಬೆಳಕು ಬಾಗಿದ್ದಷ್ಟೇ ಅದಕ್ಕೆ ಗೊತ್ತು,
ಯಾವುದಕ್ಕೆ ಬಾಗಿತು ಅನ್ನುವುದು ಗೊತ್ತಿಲ್ಲ.
ಸಮುದ್ರ ಅದರಲ್ಲಿ ನಾಲ್ಕೂವರೆಗೆ ಕೂದಲೆಳೆ ಕಮ್ಮಿ.
ಲೆಕ್ಕ ಹಾಕಿ ಹಾಲಿನ ಪುಸ್ತಕದ ಹಿಂದೆ ಬರೆದಿಟ್ಟಿದ್ದೆ.

ಮುನವ್ವರ್ ಒಂದು ಬಾಟಲಿ ನೀರು ತರಿಸಿಕೊಂಡ.
ತನ್ನ ಕೊಳವೆಯಲ್ಲಿ ನೋಡಿದ, ಒರೆಸಿದ, ಮತ್ತೆ ನೋಡಿದ.
ಮೂವತ್ತೈದು ಇರಬೇಕು ಮೇಡಂ, ನಲವತ್ತಕ್ಕೆ ಬಂದಿದೆ.
ಏನು, ಉಪ್ಪಿನಕಾಯಿ ಹಾಕ್ತಿದ್ದೀರಾ?

ಮನೆಗೆ ಬಂದವಳು ಚಪ್ಪಲಿ ಬಿಡದೆ ಕೊಳವೆ ಎತ್ತಿದೆ.
ನಾಲ್ಕೂವರೆಯೇ.
ಕನ್ನಡಕ ಹಾಕಿಕೊಂಡು ನೋಡಿದೆ. ಐದು.
ತೆಗೆದೆ. ನಾಲ್ಕೂವರೆ.
ಗೆರೆ ಇದ್ದಲ್ಲೇ ಇತ್ತು.

ಆ ರಾತ್ರಿ ಮಲಗಿದರೆ ಕಣ್ಣ ಮುಂದೆ ಗದ್ದೆಗಳು.
ಇನ್ನೂ ಎಳೆ, ಹದಿನೈದು ದಿನ ತಡೀರಿ
ಅಂತ ಎಷ್ಟು ಜನರ ಕಡಿತ ಮುಂದಕ್ಕೆ ಹಾಕಿಸಿದ್ದೆ?
ಅರ್ಧ ಗೆರೆ ಯಾವ ವರ್ಷದಿಂದ ಜಾರುತ್ತಿತ್ತು?
ತೊರೆಶೆಟ್ಟಹಳ್ಳಿಯ ಬಸಪ್ಪಾಜಿ ಅಂಕಿ ಕೇಳಿ
ಹೆಗಲ ಟವಲು ಕೊಡವಿ, ನೀವಂದ ಮೇಲೆ ಆಯ್ತು, ಅಂದಿದ್ದ.
ನೀವಂದ ಮೇಲೆ.

ಒಂದೇ ಸಲಕ್ಕೆ ಇಳಿಸಬೇಡಿ ಅಂದಿದ್ದ ಮುನವ್ವರ್,
ಏರಿದ್ದು ನಿಧಾನ, ಇಳಿಯೋದೂ ನಿಧಾನವೇ.
ಬೆಳಿಗ್ಗೆ ಒಂದು ಚೊಂಬು ಉಪ್ಪುನೀರು ತೆಗೆದೆ,
ಒಂದು ಚೊಂಬು ಫಿಲ್ಟರ್ ನೀರು ತುಂಬಿದೆ.
ಸಂಜೆ ಇನ್ನೊಂದು. ದಿನಾ.
ತೆಗೆದದ್ದನ್ನು ಎಲ್ಲಿ ಚೆಲ್ಲುವುದು?
ತುಳಸಿಗಾಗದು, ಕರಿಬೇವಿಗಾಗದು.
ಬಚ್ಚಲ ಮೋರಿಯಲ್ಲಿ ಸಮುದ್ರ
ಗುಳುಗುಳು ಅಂತ ಮಂಡ್ಯದೊಳಕ್ಕೆ ಇಳಿಯಿತು.

ಒಂಬತ್ತನೇ ದಿನ ಒಂದು ನೀಲಿ ಅಂಚು ಬಿಚ್ಚಿತು.
ಹದಿನೈದಕ್ಕೆ ಐದು ಅರಳಿದವು.
ಬಟಾಣಿ ಉಳಿಯಲಿಲ್ಲ.
ಕೆಂಪಿನದು ಬಂಡೆಯಿಂದ ಕಳಚಿ ಎತ್ತಲೋ ಹೋಗಿತ್ತು,
ಅದನ್ನೂ ಸತ್ತವರ ಲೆಕ್ಕಕ್ಕೆ ಬರೆದೆ.

ಮೊನ್ನೆ ವೈರು ಸರಿಪಡಿಸಲು ಬಗ್ಗಿದಾಗ ಕಂಡಿತು:
ಪಂಪಿನ ಹಿಂದೆ, ಕತ್ತಲ ಮೂಲೆಯಲ್ಲಿ,
ನಾನು ಇಟ್ಟಲ್ಲಿ ಅಲ್ಲ,
ಅಂಗೈಯಷ್ಟಾಗಿ ಗಾಜಿಗೆ ಅಂಟಿ ಕೂತಿದೆ.
ಮುಂದಿನಿಂದ ಕಾಣುವುದಿಲ್ಲ.
ಗೋಡೆಗೆ ಕೆನ್ನೆ ಒತ್ತಿ
ಒಂದೇ ಕಣ್ಣಲ್ಲಿ ನೋಡಬೇಕು.
ನೋಡುತ್ತೇನೆ,
ಕನ್ನಡಕ ಹಾಕಿಕೊಂಡು.